ಲಾಗಿನ್ ಪರದೆಯ ಗದ್ದಲ ನಿಲ್ಲಿಸಿದ ಸೆಟ್ಟಿಂಗ್: ಎರಡು ವರ್ಷಗಳ ಬಳಕೆಯ ನಂತರ

ನನ್ನ ಲಿನಕ್ಸ್ ಸರ್ವರ್‌ನ ಮಾನಿಟರ್ ಆನ್ ಮಾಡುವುದೇ ಅಪರೂಪ. ಕಪ್ಪು ಪರದೆ, ಅದರಲ್ಲಿ ‘ಲಾಗಿನ್’ ಎಂಬ ಒಂದು ಸಾಲು, ಅಷ್ಟೇ. ಆ ಒಂದು ಸಾಲನ್ನೂ ಲಿನಕ್ಸಿನ ತಿರುಳಾದ ಕರ್ನೆಲ್ ನೆಮ್ಮದಿಯಾಗಿ ಇರಗೊಡುತ್ತಿರಲಿಲ್ಲ. ಹೆಸರಿನ ಮೂರನೆಯ ಅಕ್ಷರ ಒತ್ತುವಷ್ಟರಲ್ಲಿ, ನೆಟ್‌ವರ್ಕ್ ಕಾಯುವ ಫೈರ್‌ವಾಲ್ ತಡೆದ ಯಾವುದೋ ಡೇಟಾ ಪ್ಯಾಕೆಟ್ಟಿನ ಜಾತಕವೆಲ್ಲ ಅದರ ಪಕ್ಕಕ್ಕೇ ಬಂದು ಬೀಳುತ್ತಿತ್ತು. ಕೆಡುವುದು ಪರದೆಯ ನೋಟ ಮಾತ್ರ, ಒತ್ತಿದ ಅಕ್ಷರಗಳು ಹಾಗೆಯೇ ಇರುತ್ತವೆ ಎಂದು ಗೊತ್ತಿಲ್ಲದೆ ಎಷ್ಟೋ ಸಲ ಎಲ್ಲವನ್ನೂ ಅಳಿಸಿ ಮತ್ತೆ ಬರೆದಿದ್ದೇನೆ.

ಮದ್ದು ಕರ್ನೆಲ್‌ನಲ್ಲೇ ಇದೆ. ಅದರ ಪ್ರತಿ ಸಂದೇಶಕ್ಕೂ 0ಯಿಂದ 7ರವರೆಗಿನ ಒಂದು ದರ್ಜೆ ಇರುತ್ತದೆ: 0 ಎಂದರೆ ಯಂತ್ರವೇ ಮುಳುಗುತ್ತಿದೆ, 3 ದೋಷ, 4 ಎಚ್ಚರಿಕೆ, 6 ಬರಿಯ ಮಾಹಿತಿ, 7 ಡೀಬಗ್, ಅಂದರೆ ದೋಷ ಹುಡುಕುವವರಿಗೆ ಬೇಕಾದ ವಿವರ. ‘ಕರ್ನೆಲ್.ಪ್ರಿಂಟ್‌ಕೆ’ ಸೆಟ್ಟಿಂಗ್‌ನ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ಪರದೆಯ ಬಾಗಿಲು ಕಾಯುತ್ತದೆ. ಅದಕ್ಕಿಂತ ಕಡಿಮೆ ಅಂಕಿಯವಕ್ಕೆ ಮಾತ್ರ ಪ್ರವೇಶ. ನನ್ನಲ್ಲಿ ಅದು 7 ಇತ್ತು, ಡೀಬಗ್ ಬಿಟ್ಟು ಉಳಿದದ್ದೆಲ್ಲ ಒಳಗೆ.

ಸಿಟ್ಟಿನಲ್ಲಿ ಮೊದಲು 1 ಹಾಕಿದೆ. ಪರದೆ ಕನ್ನಡಿಯಂತಾಯಿತು. ಎಂಟು ತಿಂಗಳ ಬಳಿಕ ಒಂದು ಫೈಲ್ ತೆರೆಯದಿದ್ದಾಗ ಕರ್ನೆಲ್ ಸಂದೇಶಗಳನ್ನೆಲ್ಲ ತೋರಿಸುವ ಡಿಮೆಸೆಜ್ ಆದೇಶ ಓಡಿಸಿದರೆ, ಡಿಸ್ಕ್ ಓದಲಾಗುತ್ತಿಲ್ಲ ಎಂಬ ಸಾಲುಗಳು ಸರಮಾಲೆಯಾಗಿ ಬಂದವು. ಕರ್ನೆಲ್ ಬಡಕೊಳ್ಳುತ್ತಲೇ ಇತ್ತು, ಬಾಯಿಗೆ ಬಟ್ಟೆ ತುರುಕಿದವನು ನಾನು. ಬ್ಯಾಕಪ್ ಇದ್ದುದರಿಂದ ಬಚಾವಾದೆ.

ಅಂದಿನಿಂದ ಅಂಕಿ 4. ಫೈರ್‌ವಾಲ್‌ನ ಹರಟೆ ಎಚ್ಚರಿಕೆಯ ದರ್ಜೆಯದು, ಹಾಗಾಗಿ ಹೊರಗೇ ಉಳಿಯುತ್ತದೆ. ಡಿಸ್ಕ್ ದೋಷ 3, ಅದು ಪರದೆಗೆ ಬರುತ್ತದೆ, ಬರಲೇಬೇಕು. ತಡೆದ ಸಂದೇಶಗಳೂ ಕಳೆದುಹೋಗುವುದಿಲ್ಲ, ಡಿಮೆಸೆಜ್‌ನಲ್ಲಿ ಸಿಗುತ್ತವೆ.

‘ಡಿಮೆಸೆಜ್ -ಎನ್ 4’ ಎಂದರೆ ತಕ್ಷಣ ಜಾರಿ, ಆದರೆ ಮರುಚಾಲನೆಯಾದರೆ ಮರೆವು. ಕಾಯಂ ಆಗಬೇಕಿದ್ದರೆ ಕರ್ನೆಲ್ ಸೆಟ್ಟಿಂಗ್‌ಗಳಿರುವ ಸಿಸ್‌ಸಿಟಿಎಲ್.ಡಿ ಫೋಲ್ಡರಿನ ಒಂದು ಫೈಲಿನಲ್ಲಿ ‘ಕರ್ನೆಲ್.ಪ್ರಿಂಟ್‌ಕೆ = 4 4 1 7’ ಎಂದು ಬರೆಯಬೇಕು. ಈ ಫೈಲ್ ಓದುವ ಮುಂಚಿನ ಬೂಟ್ ಗದ್ದಲಕ್ಕೆ ಕರ್ನೆಲ್‌ಗೆ ಕೊಡುವ ಬೂಟ್ ಸಾಲಿನಲ್ಲಿ ‘ಲಾಗ್‌ಲೆವೆಲ್=4’ ಸೇರಿಸಿದ್ದೇನೆ.

ಒಂದು ತಕರಾರು ಉಳಿದಿದೆ. ಬೂಟ್ ಆಗುವಾಗ ಹಸಿರು ‘ಓಕೆ’ ಹೊತ್ತು ಬರುವ ಸಾಲುಗಳು ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿಯವು, ಕರ್ನೆಲ್‌ನವಲ್ಲ. ಅವಕ್ಕೆ ಈ ಅಂಕಿಯ ಲೆಕ್ಕವೇ ಇಲ್ಲ. ಒಮ್ಮೊಮ್ಮೆ ಲಾಗಿನ್ ಸಾಲು ಬಂದ ಮೇಲೂ ಒಂದೆರಡು ನುಸುಳುತ್ತವೆ. ಎಂಟರ್ ಒತ್ತಿದರೆ ಹೊಸ ಲಾಗಿನ್ ಸಾಲು ಬರುತ್ತದೆ, ಸದ್ಯಕ್ಕೆ ಅಷ್ಟರಲ್ಲೇ ಸುಧಾರಿಸಿಕೊಂಡಿದ್ದೇನೆ. ಈ ಸೆಟ್ಟಿಂಗ್‌ಗೆ ಐದಕ್ಕೆ ನಾಲ್ಕು ಅಂಕ.