ಫ್ರೈಸ್‌ಗೆ ನಂಚಿಕೊಳ್ಳಲು ಯಾವುದು? ಟೊಮೆಟೊ ಸಾಸ್, ಹಾಲಿನ ಮೇಯೊ, ಕಟ್ಟಿದ ಮೊಸರು, ಕಡ್ಲೆಬೀಜ

ಬೋಂಡ, ಬಜ್ಜಿಗೆ ಚಟ್ನಿ ಸ್ವಲ್ಪ ನೀರಾದರೂ ನಡೆಯುತ್ತದೆ. ಕಡಲೆಹಿಟ್ಟಿನ ಹೊದಿಕೆ ಚಟ್ನಿಯನ್ನು ಹೀರಿಕೊಂಡಷ್ಟೂ ರುಚಿ. ಫ್ರೈಸ್ ಹಾಗಲ್ಲ. ಅದರ ಗರಿಗರಿ ಅಂದರೆ ಮೇಲ್ಮೈಯ ಪಿಷ್ಟ ನೀರು ಕಳೆದುಕೊಂಡು ಗಟ್ಟಿಯಾದ ತೆಳ್ಳನೆಯ ಪದರ, ಅಷ್ಟೇ. ಅದಕ್ಕೆ ನೀರು ಸೋಕಿದರೆ ಮತ್ತೆ ಮೆತ್ತಗೆ. ಹಾಗಾಗಿ ಇಲ್ಲಿ ಮೊದಲ ಪರೀಕ್ಷೆ ರುಚಿಯದ್ದಲ್ಲ, ನೀರಿನದ್ದು: ಅದ್ದಿ ತೆಗೆದ ಕಡ್ಡಿಯಿಂದ ಸಾಸ್ ತೊಟ್ಟಿಕ್ಕುತ್ತದೆಯೇ, ಎರಡು ನಿಮಿಷ ಬಿಟ್ಟು ಕಚ್ಚಿದರೆ ಸದ್ದು ಬರುತ್ತದೆಯೇ. ಆಮೇಲೆ ನೋಡಬೇಕಾದ್ದು ಎಷ್ಟು ದಿನ ಇಡಬಹುದು, ಮತ್ತು ಹ್ಯಾಂಡ್ ಬ್ಲೆಂಡರ್ ಇಲ್ಲದ, ಬರೀ ಮಿಕ್ಸಿ ಇರುವ ಅಡುಗೆಮನೆಯಲ್ಲಿ ಆಗುತ್ತದೆಯೇ ಅನ್ನುವುದು.

ಎಲ್ಲಕ್ಕೂ ಫ್ರೈಸ್ ಒಂದೇ ಥರ. ಚಿಕ್ಕಬಳ್ಳಾಪುರ ಕಡೆಯ ಕುಫ್ರಿ ಜ್ಯೋತಿ ಆಲೂಗಡ್ಡೆ, 9 ಮಿ.ಮೀ. ದಪ್ಪದ ಕಡ್ಡಿ, ತಣ್ಣೀರಲ್ಲಿ ಎರಡು ಸಲ ತೊಳೆದು ಬಟ್ಟೆಯಲ್ಲಿ ಒರೆಸಿದ್ದು. 150 ಡಿಗ್ರಿ ಎಣ್ಣೆಯಲ್ಲಿ 5 ನಿಮಿಷ, ಪೂರ್ತಿ ಆರಿದ ಮೇಲೆ 185 ಡಿಗ್ರಿಯಲ್ಲಿ 2 ನಿಮಿಷ. ಉಪ್ಪು ಕರಿದಾದ ಮೇಲೆ, ಅದೂ ಕಡಿಮೆ. ಸಾಸ್‌ನಲ್ಲೂ ಉಪ್ಪು ಇರುತ್ತದೆ ಅನ್ನುವುದು ಬಹಳ ಜನಕ್ಕೆ ಮರೆತುಹೋಗುತ್ತದೆ.

ಟೊಮೆಟೊ ಸಾಸ್

ಕೋಲಾರದಲ್ಲಿ ಕೂತು ಇದರಿಂದ ಶುರು ಮಾಡದಿದ್ದರೆ ಹೇಗೆ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ರೇಟು ಬಿದ್ದ ತಿಂಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದು ಹೋಗುತ್ತಾರೆ. ಸಾಸ್ ಮಾಡುವ ಕಾಲ ಯಾವುದು ಅಂತ ಬೇರೆ ಹೇಳಬೇಕಿಲ್ಲ.

ಮಂಡಿಗೆ ಬರುವ ಹೈಬ್ರಿಡ್ ಹಣ್ಣಿನ ಗೋಡೆ ದಪ್ಪ, ರಸ ಕಡಿಮೆ, ಹುಳಿಯೂ ಕಡಿಮೆ. ಲಾರಿಯಲ್ಲಿ ದೂರ ಹೋಗಲೆಂದೇ ಬೆಳೆದದ್ದು. ನಾಟಿ ಹಣ್ಣಿಗೆ ಹುಳಿ, ಪರಿಮಳ ಎರಡೂ ಇದೆ, ಆದರೆ ರಸ ಮತ್ತು ಬೀಜ ಜಾಸ್ತಿ, ಬತ್ತಿಸುವಷ್ಟರಲ್ಲಿ ಗ್ಯಾಸ್ ಖಾಲಿ. ಮುಕ್ಕಾಲು ಪಾಲು ಹೈಬ್ರಿಡ್, ಕಾಲು ಪಾಲು ನಾಟಿ ಸರಿಯಾದ ಅಳತೆ. ಹೈಬ್ರಿಡ್ ಹಣ್ಣನ್ನು ಫ್ರಿಜ್‌ನಲ್ಲಿಡದೆ ಬುಟ್ಟಿಯಲ್ಲೇ ಎರಡು ಮೂರು ದಿನ ಬಿಟ್ಟು, ತೊಟ್ಟಿನ ಹತ್ತಿರವೂ ಕೆಂಪಾದ ಮೇಲೆ ಬಳಸಬೇಕು.

ಎಲ್ಲರೂ ಎಡವುವುದು ಮೊದಲ ಹೆಜ್ಜೆಯಲ್ಲೇ: ಹಸಿ ಟೊಮೆಟೊವನ್ನು ಮಿಕ್ಸಿಗೆ ಹಾಕಿ ಆಮೇಲೆ ಕುದಿಸುವುದು. ಹಣ್ಣನ್ನು ಹಸಿಯಾಗಿ ರುಬ್ಬಿದ ಕೂಡಲೇ ಅದರೊಳಗಿನ ಕಿಣ್ವಗಳು ಪೆಕ್ಟಿನ್ ಅನ್ನು ಕತ್ತರಿಸಲು ಶುರುಮಾಡುತ್ತವೆ. ಪೆಕ್ಟಿನ್ ಹೋದರೆ ಅಂಟು ಹೋಯಿತು. ಎಷ್ಟು ಬತ್ತಿಸಿದರೂ ತಟ್ಟೆಯಲ್ಲಿ ಮಧ್ಯೆ ತಿರುಳು, ಸುತ್ತ ನೀರು. ಬದಲಿಗೆ 1 ಕೆ.ಜಿ. ಹಣ್ಣನ್ನು ನಾಲ್ಕು ಹೋಳು ಮಾಡಿ, ಮೊದಲೇ ಕಾದ ದಪ್ಪ ತಳದ ಸ್ಟೀಲ್ ಪಾತ್ರೆಗೆ ನೇರ ಹಾಕಿ, ಮುಚ್ಚಿ 10 ನಿಮಿಷ ಬೇಯಿಸಬೇಕು. ಬಿಸಿಗೆ ಕಿಣ್ವ ಸಾಯುತ್ತದೆ, ಪೆಕ್ಟಿನ್ ಉಳಿಯುತ್ತದೆ. ಆರಿದ ಮೇಲೆ ರುಬ್ಬಿ ಜರಡಿಯಲ್ಲಿ ಸೋಸಿದರೆ ಸುಮಾರು 800 ಮಿ.ಲೀ. ಸಿಗುತ್ತದೆ.

ಇದನ್ನು ಅಗಲ ಬಾಯಿಯ ಪಾತ್ರೆಗೆ ಹಾಕಿ. ಒಟ್ಟು 70 ಗ್ರಾಂ ಸಕ್ಕರೆಯಲ್ಲಿ ಮೂರನೇ ಒಂದು ಭಾಗ ಈಗ, ಉಳಿದದ್ದು ಕೊನೆಗೆ. ಎಲ್ಲವನ್ನೂ ಮೊದಲೇ ಹಾಕಿ ಗಂಟೆಗಟ್ಟಲೆ ಕುದಿಸಿದರೆ ಬಣ್ಣ ಕಂದು ತಿರುಗುತ್ತದೆ. ಒಂದು ತೆಳು ಬಟ್ಟೆಯಲ್ಲಿ 20 ಗ್ರಾಂ ಈರುಳ್ಳಿ, 4 ಎಸಳು ಬೆಳ್ಳುಳ್ಳಿ, 3 ಲವಂಗ, ಬೆರಳ ಗೆಣ್ಣಿನಷ್ಟು ಚಕ್ಕೆ, 6 ಮೆಣಸು ಗಂಟು ಕಟ್ಟಿ ಮುಳುಗಿಸಿ. ಲವಂಗದ ತಲೆ ಮುರಿದು ತೆಗೆದಿರಬೇಕು, ಅದರಿಂದಲೇ ಸಾಸ್ ಕಪ್ಪಾಗುವುದು. ಕಬ್ಬಿಣದ ಬಾಂಡ್ಲಿಯನ್ನೂ ಇದಕ್ಕೆ ತರಬೇಡಿ. ಹುಳಿ ಕಬ್ಬಿಣವನ್ನು ಕರಗಿಸಿಕೊಂಡು ಬಣ್ಣ, ರುಚಿ ಎರಡನ್ನೂ ಕೆಡಿಸುತ್ತದೆ. 1 ಚಮಚ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ, 300 ಮಿ.ಲೀ. ಆಸುಪಾಸಿಗೆ ಇಳಿಯುವವರೆಗೆ ಬತ್ತಿಸಿ. ದೊಡ್ಡ ಉರಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ, ಕೊನೆಯ ಹತ್ತು ನಿಮಿಷ ಸಣ್ಣ ಉರಿ, ಕೈಗೆ ಉದ್ದ ಹಿಡಿಯ ಸೌಟು, ಏಕೆಂದರೆ ಸಿಡಿಯುತ್ತದೆ. ಆಗ ಗಂಟನ್ನು ಹಿಂಡಿ ತೆಗೆದು, ಮಿಕ್ಕ ಸಕ್ಕರೆ, 10 ಗ್ರಾಂ ಉಪ್ಪು, 40 ಮಿ.ಲೀ. ವಿನೆಗರ್ ಹಾಕಿ ಇನ್ನು ನಾಲ್ಕು ನಿಮಿಷ. ವಿನೆಗರ್ ಮೊದಲೇ ಹಾಕಿದರೆ ಹಬೆಯ ಜೊತೆ ಹಾರಿಹೋಗುತ್ತದೆ.

ಆಯಿತೇ ಅಂತ ತಿಳಿಯಲು ತಣ್ಣನೆಯ ಸ್ಟೀಲ್ ತಟ್ಟೆಗೆ ಅರ್ಧ ಚಮಚ ಹಾಕಿ ಒಂದು ನಿಮಿಷ ನೋಡಿ. ಸುತ್ತ ನೀರಿನ ಉಂಗುರ ಬಂದರೆ ಇನ್ನೂ ಇಲ್ಲ. ಕೊನೆಗೆ ಸುಮಾರು 400 ಗ್ರಾಂ ಬರುತ್ತದೆ. ಒಣಗಿದ, ಕುದಿಸಿ ತೆಗೆದ ಗಾಜಿನ ಬಾಟಲಿಯಲ್ಲಿ ಫ್ರಿಜ್ ಒಳಗೆ ಮೂರು ವಾರ ಧೈರ್ಯವಾಗಿ ಇಡಬಹುದು. ಹೊರಗೆ ಬೇಡ.

ಅವಸರಕ್ಕೆ ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡುವ ದಾರಿಯೂ ಇದೆ. ಅದೇ ದಿನ ಚೆನ್ನಾಗೇ ಕಾಣುತ್ತದೆ, ಮರುದಿನ ಫ್ರಿಜ್‌ನಿಂದ ತೆಗೆದರೆ ನೀರು ಬಿಟ್ಟಿರುತ್ತದೆ, ನಾಲಿಗೆಗೆ ಗಂಜಿ ಹಾಗೆ ಹತ್ತುತ್ತದೆ. ವಿನೆಗರ್ ಬದಲು ಹುಣಸೆ ಹಾಕಿದರೆ ರುಚಿ ಬಲು ಚೆನ್ನ, ಆದರೆ ಅದು ಗೊಜ್ಜು, ಮುದ್ದೆ ಪಕ್ಕಕ್ಕೆ ಹೋಗಬೇಕಾದ್ದು.

ಫ್ರೈಸ್ ಜೊತೆ? ಇಷ್ಟೆಲ್ಲ ಬತ್ತಿಸಿದ ಮೇಲೂ ಇದರ ಮೂರರಲ್ಲಿ ಎರಡು ಪಾಲು ನೀರೇ. ತೊಟ್ಟಿಕ್ಕುವುದಿಲ್ಲ, ಆದರೆ ಎರಡು ನಿಮಿಷದ ಪರೀಕ್ಷೆಯಲ್ಲಿ ಅದ್ದಿದ ತುದಿ ಬಗ್ಗುತ್ತದೆ. ಹುಳಿ ಸಿಹಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ ಅನ್ನುವುದು ಇದರ ದೊಡ್ಡ ಗುಣ, ತಟ್ಟೆ ಖಾಲಿಯಾಗುವವರೆಗೂ ಮುಖ ಮುರಿಯುವುದಿಲ್ಲ.

ಹಾಲಿನ ಮೇಯೊ

ಮೊಟ್ಟೆ ಇಲ್ಲದ ಮೇಯೊನೀಸ್. ಬೇಕಾದ್ದು ಮೂರೇ: ಹಾಲು, ಅದರ ಎರಡರಷ್ಟು ಎಣ್ಣೆ, ಕೊನೆಗೆ ಹುಳಿ. ಹಾಲಿನ ಕೇಸಿನ್ ಎಂಬ ಪ್ರೋಟೀನು ಎಣ್ಣೆಯ ಹನಿಗಳ ಸುತ್ತ ಕೂತು ಅವು ಮತ್ತೆ ಕೂಡದ ಹಾಗೆ ತಡೆಯುತ್ತದೆ. ಕೆಲಸ ಮಾಡುವುದು ಪ್ರೋಟೀನು, ಹಾಲಿನ ಕೊಬ್ಬಲ್ಲ. ಹಾಗಾಗಿ ಗಟ್ಟಿ ಹಾಲೇ ಆಗಬೇಕು ಅಂತಿಲ್ಲ, ಟೋನ್ಡ್ ಹಾಲಿನಲ್ಲೂ ಅಷ್ಟೇ ಚೆನ್ನಾಗಿ ಬರುತ್ತದೆ. ಡೈರಿಗೆ ಹಾಕುವ ಹಸಿ ಹಾಲಾದರೆ ಕಾಯಿಸಿ, ಕೆನೆ ತೆಗೆದು, ಫ್ರಿಜ್‌ನಲ್ಲಿ ಪೂರ್ತಿ ತಣ್ಣಗಾಗಿಸಿ. ಕೆನೆ ಉಳಿದರೆ ಎಳೆ ಎಳೆಯಾಗಿ ಬಾಯಿಗೆ ಸಿಗುತ್ತದೆ.

ಹ್ಯಾಂಡ್ ಬ್ಲೆಂಡರ್ ಇದ್ದರೆ ಕಿರಿದಾದ ಎತ್ತರದ ಲೋಟದಲ್ಲಿ 60 ಮಿ.ಲೀ. ಹಾಲು, 120 ಮಿ.ಲೀ. ಎಣ್ಣೆ ಸಾಕು, ಬ್ಲೆಂಡರನ್ನು ತಳಕ್ಕೆ ಊರಿ, ಬೆಳ್ಳಗೆ ಗಟ್ಟಿಯಾದ ಮೇಲೆ ನಿಧಾನ ಮೇಲೆತ್ತಿ. ಅರ್ಧ ನಿಮಿಷದ ಕೆಲಸ. ಮಿಕ್ಸಿಯಲ್ಲಿ ಇದೇ ಅಳತೆ ಸೋಲುತ್ತದೆ. ಚಟ್ನಿ ಜಾರ್‌ನಲ್ಲಿ 60 ಮಿ.ಲೀ. ಹಾಲಿಗೆ ಬ್ಲೇಡು ಮುಳುಗುವುದೇ ಇಲ್ಲ, ಗೋಡೆಗೆ ಚಿಮ್ಮಿ ಸುಮ್ಮನೆ ತಿರುಗುತ್ತದೆ. ಮಿಕ್ಸಿಗೆ 100 ಮಿ.ಲೀ. ಹಾಲು, 200 ಮಿ.ಲೀ. ಎಣ್ಣೆ ಕನಿಷ್ಠ. ಜಾರನ್ನು ಕಾಲು ಗಂಟೆ ಫ್ರೀಜರ್‌ನಲ್ಲಿಡಿ. ಹಾಲು, ಅರ್ಧ ಚಮಚ ಉಪ್ಪು, ಕಾಲು ಚಮಚ ಸಾಸಿವೆ ಪುಡಿ, 2 ಎಸಳು ಬೆಳ್ಳುಳ್ಳಿ ಹಾಕಿ ಒಮ್ಮೆ ತಿರುಗಿಸಿ, ಎಣ್ಣೆಯನ್ನು ಐದು ಕಂತಿನಲ್ಲಿ ಸೇರಿಸುತ್ತ ಪ್ರತಿ ಸಲ ವಿಪ್ಪರ್ ಗುಂಡಿಯನ್ನು ಮೂರು ನಾಲ್ಕು ಸೆಕೆಂಡು ಮಾತ್ರ ಒತ್ತಿ. ಒಂದೇ ಸಮ ಓಡಿಸಿದರೆ ಬ್ಲೇಡಿನ ಬಿಸಿಗೆ ಒಡೆಯುತ್ತದೆ. ನಿಂಬೆರಸ 2 ಚಮಚ, ಎಲ್ಲ ಎಣ್ಣೆ ಹಿಡಿದ ಮೇಲೆ. ಹುಳಿ ಬಿದ್ದ ಕೂಡಲೇ ಕೇಸಿನ್ ಬಿಗಿಯುತ್ತದೆ, ಕಣ್ಣೆದುರೇ ಗಟ್ಟಿಯಾಗುತ್ತದೆ. ಇನ್ನಷ್ಟು ಗಟ್ಟಿಯಾಗಲಿ ಅಂತ ನಾಲ್ಕು ಚಮಚ ಹಿಂಡಿದರೆ ಹಾಲು ಒಡೆದು ರವೆರವೆ.

ಎಣ್ಣೆ ಯಾವುದು ಅನ್ನುವುದರಲ್ಲಿ ನಮ್ಮ ಕಡೆ ಒಂದು ತೊಡಕಿದೆ. ಗಾಣದ ಕಡ್ಲೆಕಾಯಿ ಎಣ್ಣೆಯೇ ಮನೆಯಲ್ಲಿರುತ್ತದೆ, ಅದರ ವಾಸನೆ ಬೆಳ್ಳುಳ್ಳಿಯನ್ನೂ ಮುಳುಗಿಸುತ್ತದೆ. ಅದಕ್ಕಿಂತ ಮುಖ್ಯ, ಫ್ರಿಜ್‌ನಲ್ಲಿ ಅದು ಮಬ್ಬಾಗಿ ಗರಣೆ ಕಟ್ಟುತ್ತದೆ, ಜೊತೆಗೆ ಮೇಯೊ ಕೂಡ ಬಿರಿಯುತ್ತದೆ. ಸೂರ್ಯಕಾಂತಿ ಎಣ್ಣೆಗೆ ಈ ಕಾಟ ಇಲ್ಲ. ತಿಪಟೂರು ಕಡೆಯವರು ತೆಂಗಿನೆಣ್ಣೆ ಆಸೆ ಬಿಟ್ಟುಬಿಡಿ, 24 ಡಿಗ್ರಿ ಕೆಳಗೆ ಅದು ಮೇಣ.

ಮಜ್ಜಿಗೆಯ ಹಾಗೆ ನೀರಾಗೇ ಉಳಿದರೆ ಇನ್ನಷ್ಟು ಎಣ್ಣೆ ಸುರಿಯಬೇಡಿ. ಬೇರೆ ತಣ್ಣನೆ ಜಾರ್‌ಗೆ 2 ದೊಡ್ಡ ಚಮಚ ತಣ್ಣನೆ ಹಾಲು ಹಾಕಿ, ಕೆಟ್ಟದ್ದನ್ನೇ ಎಣ್ಣೆ ಅಂದುಕೊಂಡು ಸ್ವಲ್ಪ ಸ್ವಲ್ಪ ಸೇರಿಸಿ. ಹುಳಿ ಇನ್ನೂ ಹಾಕಿರದಿದ್ದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಹುಳಿ ಹಾಕಿದ ಮೇಲೆ ಒಡೆದದ್ದು ಚಪಾತಿ ಹಿಟ್ಟಿಗೆ ಲಾಯಕ್ಕು.

ಖಾರ ಬೇಕಾದರೆ 4 ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ 20 ನಿಮಿಷ ನೆನೆಸಿ, ನೀರು ಪೂರ್ತಿ ಬಸಿದು, ನುಣ್ಣಗೆ ಅರೆದು ಒಂದು ದೊಡ್ಡ ಚಮಚ ಕೈಯಿಂದಲೇ ಕಲಸಿ. ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಹದವಾಗಿರುತ್ತದೆ.

ಎರಡು ನಿಮಿಷದ ಪರೀಕ್ಷೆಯಲ್ಲಿ ಇದಕ್ಕೆ ಎದುರಿಲ್ಲ. ಇದರಲ್ಲಿರುವ ನೀರು ಎಣ್ಣೆಹನಿಗಳ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಕಡ್ಡಿಗೆ ಹತ್ತುವುದು ಜಿಡ್ಡು, ಜಿಡ್ಡಿಗೆ ಗರಿಗರಿ ಹೆದರುವುದಿಲ್ಲ. ಆದರೆ ಕರಿದದ್ದರ ಮೇಲೆ ಮತ್ತೆ ಎಣ್ಣೆ; ಹತ್ತನೇ ಕಡ್ಡಿಗೆ ಬಾಯಿ ಲೇಪ ಹಿಡಿದ ಹಾಗಾಗುತ್ತದೆ. ಹಸಿ ಬೆಳ್ಳುಳ್ಳಿ ಇರುವುದರಿಂದ ಫ್ರಿಜ್‌ನಲ್ಲೂ ಮೂರೇ ದಿನ, ಏಪ್ರಿಲ್ ಬಿಸಿಲಲ್ಲಿ ಮೇಜಿನ ಮೇಲೆ ಒಂದು ಗಂಟೆಗಿಂತ ಹೆಚ್ಚು ಇಡಬಾರದು.

ಮೊಸರು, ಕಡ್ಲೆಬೀಜ, ಮಾವು

ಕಟ್ಟಿದ ಮೊಸರು ಸುಲಭದ್ದು, ಹಾಗೇ ಬೇಗ ಕೈಕೊಡುವುದೂ ಅದೇ. ಹುಳಿಯಾಗದ 500 ಗ್ರಾಂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಜರಡಿಯ ಮೇಲಿಟ್ಟು ಐದು ಗಂಟೆ ಫ್ರಿಜ್ ಒಳಗೆ ಬಿಡಿ. ನಲ್ಲಿಗೆ ನೇತುಹಾಕಿದರೆ ಬೇಸಿಗೆಯಲ್ಲಿ ನೀರು ಇಳಿಯುವಷ್ಟರಲ್ಲಿ ಹುಳಿ ಏರಿರುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಅದಕ್ಕೆ ಜಜ್ಜಿದ ಬೆಳ್ಳುಳ್ಳಿ ಒಂದೆಸಳು, ಹುರಿದ ಜೀರಿಗೆ ಪುಡಿ, ಸಣ್ಣಗೆ ಕೊಚ್ಚಿದ ಪುದೀನ. ಉಪ್ಪು ಮಾತ್ರ ತಟ್ಟೆ ಮುಂದೆ ಕೂತ ಮೇಲೆ. ಮೊದಲೇ ಹಾಕಿದರೆ ಉಪ್ಪು ನೀರನ್ನು ಎಳೆದು ಹೊರಗೆ ತರುತ್ತದೆ, ಗಟ್ಟಿ ಮೊಸರು ಅರ್ಧ ಗಂಟೆಯಲ್ಲಿ ರಾಯ್ತ. ಬಿಸಿ ಕಡ್ಡಿಗಳಿಂದ ಕಲಕಿದರೂ ಅದೇ ಗತಿ. ಖಾರದ ಪುಡಿ ಉದುರಿಸಿದ ಮಸಾಲ ಫ್ರೈಸ್‌ಗೆ ಇದು ಮೇಯೊಗಿಂತ ಹಿತ, ಸಾದಾ ಉಪ್ಪಿನ ಫ್ರೈಸ್‌ಗೆ ಸಪ್ಪೆ.

ಕಡ್ಲೆಬೀಜದ್ದು ಇಡ್ಲಿಗೆ ಮಾಡುವ ಚಟ್ನಿಯೇ, ಆದರೆ ಅದೇ ಅಳತೆಯಲ್ಲಿ ಮಾಡಿದರೆ ಸೋಲುತ್ತದೆ. ಆಲೂಗಡ್ಡೆಯೂ ಮಂದ, ಬೀಜವೂ ಮಂದ. ಎರಡೂ ಸೇರಿ ಗಂಟಲಲ್ಲಿ ನಿಲ್ಲುತ್ತದೆ. ಹುಳಿ ಎರಡರಷ್ಟಾಗಬೇಕು. 100 ಗ್ರಾಂ ಬೀಜಕ್ಕೆ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆ, 3 ಬ್ಯಾಡಗಿ, 2 ಎಸಳು ಬೆಳ್ಳುಳ್ಳಿ, ಚೂರು ಬೆಲ್ಲ, ಉಪ್ಪು. ಮುದುಡಿದ, ಬೂಸ್ಟು ಹಿಡಿದ ಬೀಜ ಆರಿಸಿ ಬಿಸಾಡಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಮೊದಲು ಒಣಗೇ ಪುಡಿ ಮಾಡಿ. ಬಿಸಿನೀರು ಹಾಕಿದಾಗ ಮೊದಲು ಮುದ್ದೆ ಕಟ್ಟಿಕೊಳ್ಳುತ್ತದೆ, ಗಾಬರಿ ಬೇಡ, ಇನ್ನಷ್ಟು ಹಾಕುತ್ತ ಹೋದರೆ ಸಡಿಲವಾಗುತ್ತದೆ. 90 ಮಿ.ಲೀ. ತನಕ ಬೇಕಾಗುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಬಿಗಿಯುತ್ತದೆ, ಆದ್ದರಿಂದ ಸ್ವಲ್ಪ ಸಡಿಲವಿದ್ದಾಗಲೇ ನಿಲ್ಲಿಸಿ. ಒಗ್ಗರಣೆ ಇಲ್ಲಿ ದಂಡ, ಸಾಸಿವೆ ಕಡ್ಡಿಗೆ ಹತ್ತದೆ ಬಟ್ಟಲಲ್ಲೇ ಉಳಿಯುತ್ತದೆ. ಕಡ್ಡಿಗೆ ಹಿಡಿಯುವುದರಲ್ಲಿ ಮೇಯೊಗೆ ಸಮ, ಗರಿಗರಿಯಲ್ಲಿ ಟೊಮೆಟೊಗಿಂತ ಮೇಲು. ಎರಡು ದಿನ ಇಡಬಹುದು.

ಶ್ರೀನಿವಾಸಪುರದ ತೋತಾಪುರಿ ಬರುವ ತಿಂಗಳಲ್ಲಿ ಅರೆಹಣ್ಣನ್ನು ಬೇಯಿಸಿ ಖಾರ, ಉಪ್ಪು, ವಿನೆಗರ್ ಹಾಕಿದ ಸಾಸ್ ಕೂಡ ಆಗುತ್ತದೆ. ಬಣ್ಣಕ್ಕೆ ಮನಸೋಲಬಹುದು, ಆದರೆ ಸಿಹಿ ಮುಂದೆ ಬಂದು ಆಲೂಗಡ್ಡೆ ಮರೆಯಾಗುತ್ತದೆ. ಕಬಾಬ್‌ಗೆ ಇಟ್ಟುಕೊಳ್ಳಿ.

ಯಾವುದನ್ನು ಆರಿಸುವುದು

ಒಂದೇ ಮಾಡುವುದಾದರೆ ಟೊಮೆಟೊ, ಏಕೆಂದರೆ ಒಮ್ಮೆ ಬೆವರು ಸುರಿಸಿದರೆ ಮೂರು ವಾರ ನಿಶ್ಚಿಂತೆ. ಹತ್ತು ನಿಮಿಷದಲ್ಲಿ ಬೇಕಾದರೆ ಮೇಯೊ. ಎರಡೂ ಫ್ರಿಜ್‌ನಲ್ಲಿದ್ದ ದಿನ ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ ಇಡುವ ಬದಲು ಕೂಡಿಸಿ: ಮೇಯೊ 2 ಪಾಲು, ಟೊಮೆಟೊ ಸಾಸ್ 1 ಪಾಲು, ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ರಸ ಅರ್ಧ ಚಮಚ. ಟೊಮೆಟೊ ಜಿಡ್ಡು ಮುರಿಯುತ್ತದೆ, ಮೇಯೊ ಅದರ ನೀರನ್ನು ಹಿಡಿದಿಡುತ್ತದೆ, ಎರಡು ನಿಮಿಷದ ಮೇಲೂ ಕಡ್ಡಿ ಸದ್ದು ಮಾಡುತ್ತದೆ. ಸಮಸಮ ಮಾಡಿದರೆ ತೆಳ್ಳಗಾಗಿ ತೊಟ್ಟಿಕ್ಕುತ್ತದೆ. ಚಮಚದಲ್ಲೇ ಕಲಸಿ, ಮಿಕ್ಸಿ ಬೇಡ. ಒಂದು ಹೊತ್ತಿಗೆ ಬೇಕಾದಷ್ಟೇ ಕಲಸಿ, ಟೊಮೆಟೊ ಬಾಟಲಿಗೆ ಮೇಯೊ ಹತ್ತಿದ ಚಮಚ ಹಾಕಿದರೆ ಮೂರು ವಾರದ್ದು ಮೂರು ದಿನದ್ದಾಗುತ್ತದೆ.