ಎರಿ ಮಣ್ಣಿನ ಮೇಲೆ ಗಾಡಿ ದಾರಿ: ಬರೀ ಗರಸೋ, ಗರಸು-ಖಡಿಯೋ, ಕೆಳಗೆ ಬಟ್ಟೆ ಹಾಸಿದ ಖಡಿಯೋ?

ವಿಜಯಪುರ, ಬಾಗಲಕೋಟೆ ಸುತ್ತಿನ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಗೇಟಿನಿಂದ ಮನೆ ಅಂಗಳದವರೆಗೆ ಇದರ ಮೇಲೆ ಮೂರು ಬಗೆಯಲ್ಲಿ ದಾರಿ ಹಾಕಿ ನೋಡಿದ್ದೇವೆ. ಲೆಕ್ಕಕ್ಕೆ 10 ಅಡಿ ಅಗಲ, 60 ಅಡಿ ಉದ್ದ ಹಿಡಿಯಿರಿ. ಪ್ರತಿ ಇಂಚು ದಪ್ಪಕ್ಕೆ 50 ಘನ ಅಡಿ, ಅಂದರೆ ಅರ್ಧ ಬ್ರಾಸ್ (ಒಂದು ಬ್ರಾಸ್ 100 ಘನ ಅಡಿ). ರೋಲರ್ ಹೊಡೆದ ಮೇಲೆ ಕುಗ್ಗುತ್ತದೆ, ಹಾಗಾಗಿ ಕಾಲುಭಾಗ ಹೆಚ್ಚಿಗೆ ತರಿಸಬೇಕು.

ಬರೀ ಗರಸು (ಹರಳು ಬೆರೆತ ಮೊರಂ ಮಣ್ಣು) 8 ಇಂಚು ಹಾಕಲು 5 ಬ್ರಾಸ್ ಸಾಕು. ಖರ್ಚು ಎಲ್ಲಕ್ಕಿಂತ ಕಡಿಮೆ, ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿ. ಹಿಂಗಾರಿ ಮಳೆ ಹಿಡಿಯಿತೆಂದರೆ ಮಾತ್ರ ಗಾಲಿ ಹಾದಿಯಲ್ಲೇ ಕುಸಿಯುತ್ತದೆ. ಗರಸಿನಲ್ಲಿ ಮಣ್ಣಿನಂಶ ಎಷ್ಟಿದೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ, ಲೋಡು ತರಿಸುವ ಮೊದಲೇ ಒಂದಿಷ್ಟು ತಂದು ನೋಡಿಕೊಳ್ಳಿ. ಗಾಜಿನ ಬಾಟಲಿಗೆ ಅರ್ಧ ಗರಸು, ಮೇಲೆ ನೀರು ತುಂಬಿ ಚೆನ್ನಾಗಿ ಅಲುಗಿಸಿ ಇಟ್ಟುಬಿಡಿ. ಹರಳು, ಉಸುಕು ಒಂದು ನಿಮಿಷದೊಳಗೆ ತಳ ಹಿಡಿಯುತ್ತವೆ. ಮರುದಿನ ಅದರ ಮೇಲೆ ಎರಡು ಬೆರಳು ದಪ್ಪ ನುಣ್ಣನೆ ರಾಡಿ ಕೂತಿದ್ದರೆ ಆ ಗರಸು ಬೇಡ ಎನ್ನುವುದೇ ಲೇಸು.

ಎರಡನೆಯದು 6 ಇಂಚು ಗರಸಿನ ಮೇಲೆ 3 ಇಂಚು 40 ಎಂಎಂ ಖಡಿ (ಜಲ್ಲಿಕಲ್ಲು). ಗರಸು ನಾಲ್ಕು ಬ್ರಾಸಿಗೆ ಹತ್ತಿರ, ಖಡಿ ಎರಡು ಬ್ರಾಸ್. ಬಹುತೇಕರು ಮಾಡಿಸುವುದು ಇದನ್ನೇ, ಮೊದಲ ವರ್ಷ ಚೆನ್ನಾಗಿಯೂ ಕಾಣುತ್ತದೆ. ಆಮೇಲೆ ಖಡಿ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ. ನೆನೆದ ಎರಿಯ ಮೇಲೆ ಗಾಡಿ ಹಾಯ್ದಾಗಲೆಲ್ಲ ಖಡಿ ಒಂದಿಷ್ಟು ಕೆಳಗಿಳಿಯುತ್ತದೆ, ರಾಡಿ ಸಂದಿಯಲ್ಲಿ ಮೇಲೇರುತ್ತದೆ. ಪ್ರತಿ ವರ್ಷ ಒಂದು ಟ್ರಾಲಿ ಸುರಿದರೂ ಕೆಳಗಿನ ಜಗಳ ಮುಗಿಯುವುದಿಲ್ಲ.

ಮೂರನೆಯದರಲ್ಲಿ ಎರಿಗೂ ಕಲ್ಲಿಗೂ ನಡುವೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಜಿಯೋ ಟೆಕ್ಸ್‌ಟೈಲ್ ಬಟ್ಟೆ. ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಜೋಡಿಸುವಲ್ಲಿ ಒಂದೂವರೆ ಅಡಿ ಒಂದರ ಮೇಲೊಂದು ಬರಬೇಕು. ಅದರ ಮೇಲೆ 40 ಎಂಎಂನಿಂದ ಡಸ್ಟ್ (ಕಲ್ಲಿನ ಪುಡಿ) ವರೆಗೆ ಎಲ್ಲ ಬೆರೆತ ಖಡಿ 6 ಇಂಚು, ನಾಲ್ಕು ಬ್ರಾಸಿಗೆ ತುಸು ಕಡಿಮೆ. ಮೂರು ಮೂರು ಇಂಚಿನ ಎರಡು ಪದರ ಮಾಡಿ, ನೀರು ಚಿಮುಕಿಸಿ ರೋಲರ್ ಹೊಡೆಯಿರಿ. ಟಿಪ್ಪರ್ ಬಟ್ಟೆಯ ಮೇಲೆ ನೇರ ಹತ್ತಬಾರದು. ಸುರಿದ ಖಡಿಯ ಮೇಲೆ ನಿಂತೇ ಮುಂದಿನದನ್ನು ತಳ್ಳಬೇಕು. ಬಟ್ಟೆ ತುಟ್ಟಿ ಎಂದು ಕೃಷಿ ಹೊಂಡದ ಹಳೆ ಪ್ಲಾಸ್ಟಿಕ್ ಹಾಸುವವರಿದ್ದಾರೆ. ನೀರು ಅದರ ಮೇಲೆಯೇ ನಿಂತು ಖಡಿ ಜಾರುತ್ತದೆ, ಹಾಸದಿರುವುದೇ ವಾಸಿ.

ನಮ್ಮ ಆಯ್ಕೆ ಈ ಮೂರನೆಯದು. ಆದರೆ ಒಂದಡಿ ಅಗೆದು, ತಳ ಸಪಾಟು ಮಾಡಿ ತುಂಬಿದರೆ ಇದೂ ಕೈಕೊಡುತ್ತದೆ. ಸುತ್ತಲಿನ ನೀರೆಲ್ಲ ಆ ತಗ್ಗಿಗೇ ಇಳಿಯುತ್ತದೆ, ಎರಿ ಅದನ್ನು ಕೆಳಗೆ ಬಿಡದೆ ಹಿಡಿದಿಟ್ಟು ನಿಧಾನಕ್ಕೆ ಉಬ್ಬುತ್ತದೆ. ಬೇರು, ಕಸ ಹೋಗುವಷ್ಟು ಮೂರು ಇಂಚು ಕೆತ್ತಿದರೆ ಸಾಕು. ದಾರಿ ಅಂಗಳಕ್ಕಿಂತ ಎತ್ತರಕ್ಕೇ ನಿಲ್ಲಲಿ. ತಳದಲ್ಲೇ ನಡುವೆ 2 ಇಂಚು ಉಬ್ಬು ಕೊಟ್ಟು, ಮೇಲಿನ ಪದರಕ್ಕೂ ಅದನ್ನೇ ಉಳಿಸಿ. ಎರಡೂ ಬದಿ ಒಂದಡಿ ಆಳದ ಗಟಾರ, 60 ಅಡಿಗೆ 7 ಇಂಚು ಇಳಿಜಾರು, ಬಟ್ಟೆಯ ಅಂಚು ಗಟಾರದ ದಂಡೆವರೆಗೆ. ಅಂಚಿಗೆ ಕರಿಕಲ್ಲು ಸಾಲು ಕೂಡಿಸುವುದಾದರೆ ಐದಡಿಗೊಂದು ಸಂದಿ ಬಿಡಿ. ಸಿಮೆಂಟು ಮೆತ್ತಿ ಸಾಲು ಮುಚ್ಚಿದರೆ ನೀವೇ ಒಡ್ಡು ಕಟ್ಟಿದಂತೆ.

ಮೇಲೆ ತೋರಿಕೆಗೆ 12 ಎಂಎಂ ಖಡಿ ಒಂದು ಇಂಚು ಬೇಕಿದ್ದರೆ ಹಾಕಿ. ಹೊಳೆಯ ಗುಂಡುಕಲ್ಲು ಬೇಡ, ಗಾಲಿಯಡಿ ಉರುಳಿ ಗಟಾರ ಸೇರುತ್ತದೆ.

ಬೆಳಗಾವಿಯ ಖಾನಾಪುರ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಇಷ್ಟು ಉಬ್ಬುವುದಿಲ್ಲ. ಅಲ್ಲಿ ಬಟ್ಟೆ ಬಿಟ್ಟರೂ ನಡೆಯುತ್ತದೆ, ಆದರೆ ಮಳೆ ಬಹಳ. ಗಟಾರ ಒಂದೂವರೆ ಅಡಿ ಇರಲಿ.

ಕೆಲಸಕ್ಕೆ ಒಳ್ಳೆಯ ಹೊತ್ತು ಒಂದೆರಡು ಅಡ್ಡಮಳೆ ಬಿದ್ದು, ಎರಿ ಕಾಲಿಗೆ ಅಂಟದಷ್ಟು ಆರಿದಾಗ. ಬಿರಿದ ನೆಲದ ಮೇಲೆ ಹಾಸಲೇಬೇಕಾದರೆ ಬಿರುಕು ತುಂಬಿ, ನೀರು ಹೊಡೆದು, ಎರಡು ದಿನ ಬಿಟ್ಟು ರೋಲರ್ ತರಿಸಿ.