ಫ್ಲ್ಯಾಟ್ ಓನರ್ ಫಾರಿನ್‌ನಲ್ಲಿದ್ದಾರಾ? ಅಡ್ವಾನ್ಸ್ ಕೊಡುವ ಮೊದಲೇ ಕೇಳಿ

ಬೆಂಗಳೂರಿನಲ್ಲಿ ರೀಸೇಲ್ ಫ್ಲ್ಯಾಟ್ ನೋಡುತ್ತಿರುವವರು ದಯವಿಟ್ಟು ಇದನ್ನು ಓದಿ. ಓನರ್ ವಾಸ ಇರುವುದು ಇಲ್ಲೋ, ಹೊರದೇಶದಲ್ಲೋ? ನಮಗೆ ಅದು ಗೊತ್ತಾಗಿದ್ದು ರಿಜಿಸ್ಟ್ರೇಷನ್ ದಿನ, ಸಬ್ ರಿಜಿಸ್ಟ್ರಾರ್ ಆಫೀಸಿನ ಒಳಗೆ.

ಅಗ್ರಿಮೆಂಟ್‌ಗೆ ಓನರ್ ಖುದ್ದಾಗಿ ಬಂದು ಸಹಿ ಹಾಕಿದ್ದರು. ಆಧಾರ್‌ನಲ್ಲಿ ಜಯನಗರದ ಅಡ್ರೆಸ್. ರಜೆಗೆ ಬಂದವರು ಅಂತ ಬ್ರೋಕರ್ ಆಗಲೀ ಅವರಾಗಲೀ ಬಾಯಿ ಬಿಡಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿದ್ದೂ ಅವರ ಹೆಸರಲ್ಲೇ. ಸ್ಟಾಂಪ್ ಡ್ಯೂಟಿ 5%, 2025ರ ಆಗಸ್ಟ್ 31ರಿಂದ ಡಬಲ್ ಆಗಿರುವ ನೋಂದಣಿ ಶುಲ್ಕ 2%, ಎಲ್ಲಾ ಕಟ್ಟಿಯಾಗಿತ್ತು. ಬ್ಯಾಂಕಿನವರು ಡಿಡಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಆಗ ಓನರ್ ಬದಲು ಅವರ ತಮ್ಮ ಬಂದರು, ಕೈಯಲ್ಲೊಂದು ಜಿಪಿಎ, ಅಂದರೆ ಓನರ್ ಪರವಾಗಿ ಸಹಿ ಹಾಕಲು ಅಧಿಕಾರ ಕೊಡುವ ಪತ್ರ.

ಅಧಿಕಾರಿ ಪತ್ರ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಅದರಲ್ಲಿ ಹೊರದೇಶದ ನೋಟರಿ ಸೀಲು ಇತ್ತು, ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಿರಲಿಲ್ಲ. ಅಲ್ಲಿ ಮಾಡಿಸಿದ ಜಿಪಿಎ ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಸ್ಟಾಂಪ್ ಮಾಡಿಸಬೇಕು. ಅದಿಲ್ಲದೆ ನಡೆಯುವುದಿಲ್ಲ. ನಮ್ಮ ಮನೆಯವರು ಎಷ್ಟು ಬೇಡಿಕೊಂಡರೂ ಆಗಲಿಲ್ಲ, ಅಧಿಕಾರಿ ಮಾಡಿದ್ದು ಸರಿಯೇ.

ಇನ್ನೂ ದೊಡ್ಡ ಪೆಟ್ಟು ಟಿಡಿಎಸ್‌ನದು, ಅಂದರೆ ಓನರ್‌ಗೆ ಕೊಡುವ ಹಣದಲ್ಲಿ ನಾವೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ ಟ್ಯಾಕ್ಸ್‌ನದು. ಮಾರುವವರು ಇಲ್ಲೇ ವಾಸ ಇದ್ದರೆ, ಬೆಲೆ 50 ಲಕ್ಷ ಮತ್ತು ಮೇಲೆ ಆದಾಗ ನಾವು 1% ಹಿಡಿದು ಕಟ್ಟಿದರೆ ಸಾಕು. ಎನ್‌ಆರ್‌ಐ ಆದರೆ ಆ ಲೆಕ್ಕವೇ ಬೇರೆ. 2 ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಆಸ್ತಿಗೆ 12.5%, ಅದರ ಮೇಲೆ ಸರ್‌ಚಾರ್ಜ್, ಸೆಸ್. ಕಡಿಮೆ ಹಿಡಿಯಬೇಕು ಅಂದರೆ ಅವರೇ ಇನ್ಕಮ್ ಟ್ಯಾಕ್ಸ್‌ನಿಂದ ಸರ್ಟಿಫಿಕೇಟ್ ತರಬೇಕು. ಸುಮ್ನೆ 1% ಹಿಡಿದು ಬಿಟ್ಟರೆ ಇಲಾಖೆ ಬಡ್ಡಿ ಸಮೇತ ವಸೂಲಿ ಮಾಡುವುದು ಕೊಂಡವರಿಂದ, ಅಂದರೆ ನಮ್ಮಿಂದ! "ಎಲ್ಲರೂ 1% ತಾನೇ ಹಿಡಿಯೋದು, ಮೇಡಂ" ಅಂತ ಬ್ರೋಕರ್ ಅಲ್ಲೇ ನಿಂತು ಹೇಳಿದರು. ಎಂಥ ಧೈರ್ಯ ನೋಡಿ.

ರಿಜಿಸ್ಟ್ರೇಷನ್ ಮುಂದಕ್ಕೆ ಹೋಯಿತು. ಬಾಡಿಗೆ ಮನೆ ಬಿಡುತ್ತೇವೆ ಅಂತ ನೋಟಿಸ್ ಕೊಟ್ಟಾಗಿತ್ತು, ಫ್ಲ್ಯಾಟ್‌ಗೆ ಕೊಟ್ಟ ಅಡ್ವಾನ್ಸ್ ಓನರ್ ಕೈಯಲ್ಲಿತ್ತು. ಮಕ್ಕಳ ಸಾಮಾನೆಲ್ಲಾ ಪ್ಯಾಕ್ ಆಗಿ ಹಾಲ್‌ನಲ್ಲಿ ಬಿದ್ದಿತ್ತು.

ಅದಕ್ಕೇ ಹೇಳುತ್ತಿದ್ದೇನೆ. ಓನರ್ ಈಗ ಎಲ್ಲಿ ವಾಸ, ಟ್ಯಾಕ್ಸ್ ಲೆಕ್ಕದಲ್ಲಿ ರೆಸಿಡೆಂಟಾ ಎನ್‌ಆರ್‌ಐಯಾ, ಇದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿ. ಜಿಪಿಎ ಇದ್ದರೆ ವಾರಗಳ ಮೊದಲೇ ಕಾಪಿ ತರಿಸಿ ನಿಮ್ಮ ಲಾಯರ್‌ಗೆ ತೋರಿಸಿ, ಬ್ರೋಕರ್ ಕಡೆಯವರಿಗಲ್ಲ. ಓನರ್ ಜೊತೆ ವೀಡಿಯೊ ಕಾಲ್‌ನಲ್ಲಿ ನೀವೇ ಮಾತಾಡಿ. ಇದಕ್ಕೆ ಅವರು ಒಪ್ಪದಿದ್ದರೆ ಅಡ್ವಾನ್ಸ್ ಕೊಡಲೇಬೇಡಿ.